ಹಲ್ಲಕ್ಕ ಕೊಡದ ನೂರು ವರ್ಷ

ನನ್ನ ಗಂಡನ ಅಕ್ಕನನ್ನು ಬೀದಿಯೆಲ್ಲ ಹಲ್ಲಕ್ಕ ಎಂದೇ ಕರೆಯುತ್ತದೆ. ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಕೊನೆಗೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ ಬಿಸಿನೀರಿನಲ್ಲಿ ಬೇಯಿಸುತ್ತಾಳೆ. ಮೂವತ್ತು ವರ್ಷವಾಯಿತು. ಬಸ್ಸಿನಲ್ಲಿ ಎದುರು ಕೂತವರು ನಕ್ಕರೆ ಅವಳು ಮುಖ ನೋಡುವುದಿಲ್ಲ, ಕೆಳಸಾಲು ನೋಡಿ "ಇದು ನಂದೇ" ಎಂದು ನನ್ನ ಪಕ್ಕೆಗೆ ತಿವಿಯುತ್ತಾಳೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಎಲ್ಲರ ಬಾಯೊಳಗೂ ಏನಿದೆ ಅಂತ ನೋಡಿಬಿಟ್ಟಿದ್ದೀನಲ್ಲ" ಎಂದು ಅವರ ಬಾಯಿ ಮುಚ್ಚಿಸುತ್ತಾಳೆ. ಹಠದಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ, ಮತ್ತು ನಾನೇನೂ ಕಡಿಮೆಯವಳಲ್ಲ.

ಅವಳಿಗೊಂದು ನಾಡಿದೆ. ಪ್ರತಿ ಶನಿವಾರ ಲ್ಯಾಬಿಗೆ ಅರ್ಧ ದಿನ ರಜೆ. ಮೂರು ಗಂಟೆಗೆ ಮಹಡಿಯ ಮೇಲೆ, ಪ್ಲಾಸ್ಟರ್ ಚೀಲಗಳ ನಡುವೆ, ಹಳೆಯ ಬಾಗಿಲೊಂದನ್ನು ಮಲಗಿಸಿ ಮಾಡಿದ ಮೇಜಿನ ಸುತ್ತ ಆಟ. ಇಪ್ಪತ್ತಾರು ವರ್ಷದಿಂದ ಒಂದೇ ಆಟ, ಒಂದೇ ಕಥೆ. ಹಲ್ಲಕ್ಕ ಕಥೆ ಹೇಳುವವಳು, ಉಳಿದವರು ಕಥೆಯೊಳಗಿನವರು. ಡ್ರೈವಿಂಗ್ ಶಾಲೆ ನಡೆಸುವ ನನ್ನ ಗಂಡ ಅಲ್ಲಿ ಸೇನಾಪತಿ, ಔಷಧಿ ಅಂಗಡಿಯವನು ಮಾಟಗಾರ, ಲಿಫ್ಟ್ ರಿಪೇರಿಯವನು ಕಳ್ಳ, ಲೈಬ್ರರಿ ಮೇಡಂ ರಾಣಿ. ಏನು ಮಾಡುತ್ತೇವೆಂದು ಅವರು ಹೇಳಬೇಕು, ದಾಳ ಎಸೆಯಬೇಕು. ಅದರಿಂದ ಏನಾಯಿತೆಂದು ಇವಳು ಹೇಳಬೇಕು. ಗೋಡೆಯ ತುಂಬ ಆ ನಾಡಿನ ನಕ್ಷೆ. ಬೊಂಬೆಗಳೆಲ್ಲ ಉಳಿದ ಅಕ್ರಿಲಿಕ್‌ನವು, ಹಾಗಾಗಿ ಆ ನಾಡಿನಲ್ಲಿ ರಾಜನಿಂದ ತಳವಾರನವರೆಗೆ ಎಲ್ಲರೂ ವಸಡಿನ ಬಣ್ಣದವರು. ಬೆಂಕಿಯುಗುಳುವ ಘಟಸರ್ಪಕ್ಕೆ ಮನುಷ್ಯರ ದವಡೆಹಲ್ಲು ಕೂರಿಸಿದ್ದಾಳೆ. ಅದು ಬಾಯಿ ತೆರೆದಾಗ ನಿವೃತ್ತ ಗುಮಾಸ್ತನೊಬ್ಬ ನಕ್ಕ ಹಾಗೆ ಕಾಣುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನನಗೆ ಆ ಆಟ ಕಂಡರೆ ಆಗುತ್ತಿರಲಿಲ್ಲ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ವಾರವಿಡೀ ಜನರ ಬೈಗುಳ ತಿಂದು ಬರುವವಳು ನಾನು. ತಲೆ ನರೆತವರು ಕೂತು ಇಲ್ಲದ ಊರಿಗಾಗಿ ಕಿತ್ತಾಡುವುದು ಕಂಡರೆ ಮೈ ಉರಿಯುತ್ತಿತ್ತು. ಮದುವೆಯಾದಂದಿನಿಂದ ಇಪ್ಪತ್ತೆರಡು ವರ್ಷ ಆ ಮೆಟ್ಟಿಲು ಹತ್ತಿ, ಟೀ ಇಟ್ಟು, ಮೂಗು ಮುರಿದು ಇಳಿದಿದ್ದೇನೆ.

ಆದರೂ ಆ ಆಟದ ಒಂದು ನಿಯಮ ನನಗೆ ಗೊತ್ತಿತ್ತು, ಯಾಕೆಂದರೆ ಅದು ಹುಟ್ಟಿದ್ದು ಹಲ್ಲಿನ ಕೆಲಸದಲ್ಲಿ. ಆಟ ಶುರುವಾದ ವರ್ಷವೇ ಒಬ್ಬ ಹೆಡ್‌ಮಾಸ್ಟರು ಎಲ್ಲ ಹಲ್ಲು ಕೀಳಿಸಿಕೊಂಡು ಹತ್ತೇ ದಿನಕ್ಕೆ ಲ್ಯಾಬಿಗೆ ಬಂದರು. ಮುಂದಿನ ತಿಂಗಳು ಬೀಳ್ಕೊಡುಗೆ ಸಮಾರಂಭ, ಅಷ್ಟರೊಳಗೆ ಸೆಟ್ ಬೇಕೇ ಬೇಕೆಂದು ಪೀಡಿಸಿದರು. ಕಿತ್ತ ಜಾಗ ಆರಿ, ವಸಡು ಇಳಿದು ಗಟ್ಟಿಯಾಗಲು ಮೂರು ತಿಂಗಳು ಬೇಕು. ಗೊತ್ತಿದ್ದೂ ಹಲ್ಲಕ್ಕ ದಾಕ್ಷಿಣ್ಯಕ್ಕೆ ಬಿದ್ದು ಮಾಡಿಕೊಟ್ಟಳು. ಸಮಾರಂಭದ ಹೊತ್ತಿಗೆ ವಸಡು ಇಳಿದಿತ್ತು. ಅವರು "ಮಕ್ಕಳೇ" ಎಂದದ್ದೇ ತಡ, ಮೇಲ್ಸಾಲು ಮೈಕಿನ ಮುಂದೆ ಬಿತ್ತು. ಶಾಲೆಗೆ ಶಾಲೆಯೇ ನಕ್ಕಿತು. ಮರುದಿನ ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಒಂದು ಮಾತೂ ಬೈಯದೆ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆ ಎಂದು ಹಲ್ಲಕ್ಕ ಈಗಲೂ ಹೇಳುತ್ತಾಳೆ.

ಅದೇ ವಾರ ಆಟದಲ್ಲಿ ಅವಳ ತಮ್ಮ, ಅಂದರೆ ನನ್ನ ಗಂಡ, ಒಂದು ಹಳ್ಳಿ ಸುಟ್ಟು, ಕೈ ಕೊಡವಿ, "ಸರಿ, ಮುಂದೆ?" ಎಂದನಂತೆ. "ಮುಂದೆ ಏನೂ ಇಲ್ಲ, ಇಲ್ಲೇ" ಎಂದಳು ಇವಳು. ಅಂದಿನಿಂದ ಪ್ರತಿ ಯುದ್ಧದ ನಂತರ ಮೂರು ತಿಂಗಳು, ಅಂದರೆ ಹನ್ನೆರಡು ಶನಿವಾರ, ಯಾರೂ ಕತ್ತಿ ಮುಟ್ಟುವಂತಿಲ್ಲ. ಊರು ಸುಟ್ಟವರು ಆ ಊರಿನಲ್ಲಿ ಉಳಿದ ಯಾರೋ ಒಬ್ಬರಾಗಿ ಆಡಬೇಕು. ನೀರು ಹೊರಬೇಕು, ಕಾಣೆಯಾದವರನ್ನು ಹುಡುಕಬೇಕು, ಸೂರು ಹಾಕಬೇಕು. ಲಿಫ್ಟ್‌ನವನು ಒಮ್ಮೆ ಹನ್ನೆರಡು ವಾರ ಕಾಲಿಲ್ಲದ ಮುದುಕಿಯಾಗಿ ಪಕ್ಕದ ಮನೆಯವರ ಜೊತೆ ಗೋಡೆಗಾಗಿ ಜಗಳವಾಡಿದ್ದಾನೆ. ನಕ್ಷೆಯ ಹತ್ತಿರ ರಬ್ಬರ್ ತರುವಂತಿಲ್ಲ. ಸುಟ್ಟ ಊರಿಗೆ ಕೆಂಪು ಸುತ್ತು ಹಾಕಿ, ಈಗ ಅಲ್ಲೇನಿದೆ ಎಂದು ಪಕ್ಕದಲ್ಲಿ ಬರೆಯಬೇಕು. ಗೊಣಗುತ್ತಲೇ ಎಲ್ಲರೂ ಮಾಡಿದರು. ಬರಬರುತ್ತ ಆ ನಾಡಿನಲ್ಲಿ ಯುದ್ಧಗಳೇ ಕಡಿಮೆಯಾದವು.

ಹೋದ ವರ್ಷ ಮಾತ್ರ ದೊಡ್ಡದೊಂದು ಹೊತ್ತಿಕೊಂಡಿತು. ಮಾತಿಗೆ ಮಾತು ಬೆಳೆದು ನನ್ನ ಗಂಡ ಘಟಸರ್ಪ ಏರಿ ಮೂರು ಸೇತುವೆ ಎಂಬ ಊರಿನ ಮೇಲೆ ಹಾರಿದ. ಮೂರು ಸಲ ದಾಳ ಎಸೆದ, ಊರು ಬೂದಿಯಾಯಿತು. ಆ ಊರಿನಲ್ಲಿ ಮುನ್ನೂರ ಹನ್ನೆರಡು ಜನರಿದ್ದರು. ಹಾಗೆಂದು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಅಷ್ಟೂ ಜನರನ್ನು ಹಲ್ಲಕ್ಕ ವರ್ಷಗಟ್ಟಲೆ ಕೂತು ಪುಸ್ತಕದಲ್ಲಿ ಬರೆದಿದ್ದಳು. ಅಕ್ರಿಲಿಕ್ ಬೇಯುವ ಹೊತ್ತಿನಲ್ಲಿ ದಿನಕ್ಕೊಬ್ಬರು, ಇಬ್ಬರು. ಬೆಂಕಿಯ ನಂತರ ಉಳಿದದ್ದು ನಲವತ್ತೇಳು.

ಮುಂದಿನ ಶನಿವಾರ ನಾನು ಟೀ ತಟ್ಟೆ ಹಿಡಿದು ಮೆಟ್ಟಿಲ ಮೇಲಿದ್ದಾಗ ಒಳಗೆ ಮಾತು ನಡೆದಿತ್ತು.

"ಇನ್ನು ಹನ್ನೆರಡು ವಾರ ನೀರು ಹೊರೋದು ನನ್ ಕೈಲಾಗಲ್ಲ ಅಕ್ಕಾ, ನಂಗೂ ಐವತ್ತಾಯ್ತು" ಎನ್ನುತ್ತಿದ್ದ ನನ್ನ ಗಂಡ. "ಎಲ್ಲಾ ಕಡೆ ಮಾಡ್ತಾರಲ್ಲ ಹಂಗೆ ಮಾಡು. ನೂರು ವರ್ಷ ಕಳೀತು ಅಂದ್ಬಿಡು. ಹೊಸ ರಾಜ, ಹೊಸ ನಕ್ಷೆ. ನಾವು ನಾಲ್ಕೂ ಜನ ಮಾತಾಡ್ಕೊಂಡೇ ಬಂದಿದ್ದೀವಿ."

"ಆ ನೂರು ವರ್ಷಾನ ಯಾರು ಕಳೆದ್ರು?"

"ಯಾರು ಅಂದ್ರೆ? ಕಳೀತು ಅಷ್ಟೆ."

"ತಾನಾಗೇ ಕಳೆಯಲ್ಲ ಕಣೋ. ಯಾರಾದ್ರೂ ಕೂತು ಕಳೀಬೇಕು."

"ಅಕ್ಕಾ, ಇದು ಆಟ" ಎಂದ ಔಷಧಿಯವನು.

"ಆಟ ಅಂತ ಗೊತ್ತಿದ್ದೇ ಹೇಳ್ತಿದ್ದೀನಿ. ಆಟದಲ್ಲೂ ಆಗ್ದಿದ್ರೆ ಇನ್ನೆಲ್ಲಿ ಮಾಡ್ತೀರಿ?"

ಆಗ ನನ್ನ ಗಂಡ ಹೇಳಿದ: "ಆಗಿದ್ದು ಆಯ್ತು. ಅದನ್ನೇ ಹಿಡ್ಕೊಂಡು ಕೂರಬೇಡ."

ನಾನು ಮೆಟ್ಟಿಲ ಮೇಲೇ ನಿಂತೆ. ಆ ಮಾತನ್ನು ಅದೇ ದನಿಯಲ್ಲಿ ನಾನು ಹನ್ನೊಂದು ವರ್ಷದ ಹಿಂದೆ ಕೇಳಿದ್ದೆ. ನನಗೆ ಬಡ್ತಿ ಕೊಟ್ಟು ಬೇರೆ ನಿಲ್ದಾಣಕ್ಕೆ ಕರೆದ ಕಾಗದ ಮನೆಗೆ ಬಂದಿತ್ತು. ಇವನು ಅದನ್ನು ಒಡೆದು, ಓದಿ, ನನ್ನ ಹೆಸರಿನಲ್ಲಿ ಬೇಡವೆಂದು ಉತ್ತರ ಬರೆದು ಹಾಕಿದ್ದ. ನನಗೆ ತಿಳಿಯುವಷ್ಟರಲ್ಲಿ ಆ ಜಾಗದಲ್ಲಿ ಇನ್ನೊಬ್ಬಳು ಕೂತಾಗಿತ್ತು. ಅಂದು ಇದೇ ಮಾತು ಹೇಳಿ ಪೇಪರ್ ಓದುತ್ತ ಕೂತ. ನಾನು ಮೂರು ದಿನ ಗಂಟುಮುಖ ಹಾಕಿಕೊಂಡಿದ್ದು ನಾಲ್ಕನೆಯ ದಿನ ಅಡುಗೆ ಮಾಡಿದೆ. ಅವನ ಪ್ರಕಾರ ನೂರು ವರ್ಷ ಕಳೆದಿತ್ತು.

ಟೀ ಆರಿಹೋಯಿತು. ನಾಲ್ವರೂ ನನ್ನನ್ನು ದಾಟಿ ಇಳಿದು ಹೋದರು.

ಹಲ್ಲಕ್ಕನ ಮೊದಲ ಪುಸ್ತಕದಲ್ಲಿ ಇನ್ನೊಂದು ನಿಯಮವಿತ್ತು, ಅವಳೇ ಬರೆದದ್ದು. ಸತತ ಮೂರು ಶನಿವಾರ ಎದುರಿಗೆ ಯಾರೂ ಕೂರದಿದ್ದರೆ ನಾಡು ಮುಗಿಯಿತು. ನಕ್ಷೆ ಇಳಿಸಿ ಸುತ್ತಿಡಬೇಕು. ನನ್ನ ಗಂಡ ಅದನ್ನೇ ನೆಚ್ಚಿಕೊಂಡ. "ಜಗಳ ಯಾಕೆ? ಮೂರು ವಾರ ಹೋಗ್ದಿದ್ರೆ ಸಾಕು. ಆಮೇಲೆ ಔಷಧಿ ಅಂಗಡೀಲಿ ಹೊಸದು ಶುರು ಮಾಡ್ತೀವಿ" ಎಂದು ಊಟ ಮಾಡುತ್ತ ಹೇಳಿದ. ತುಂಬ ಜಾಣತನ ಮಾಡಿದ್ದೇನೆ ಎಂದುಕೊಂಡಾಗ ಅವನು ಬೆರಳು ನೆಕ್ಕಿಕೊಳ್ಳುತ್ತಾನೆ.

ಮೊದಲ ಶನಿವಾರ ಹಲ್ಲಕ್ಕ ಪೆನ್ಸಿಲ್‌ಗಳನ್ನು ಹೆರೆದಿಟ್ಟು ಮೂರರಿಂದ ಆರರವರೆಗೆ ಒಬ್ಬಳೇ ಕೂತಳು. ಎರಡನೆಯ ಶನಿವಾರವೂ ಹಾಗೆಯೇ. ಟೀ ತಂದವಳು ತಡೆಯಲಾರದೆ ಕೇಳಿದೆ, "ಬರೆದವಳು ನೀನೇ ಅಲ್ವಾ? ಆ ನಿಯಮಾನ ಹೊಡೆದು ಹಾಕು."

"ಅವನಿಗೊಂದು ನಿಯಮ, ನನಗೊಂದು ನಿಯಮ ಅಂದ್ರೆ ಅವನಿಗೂ ನನಗೂ ಏನು ವ್ಯತ್ಯಾಸ?"

"ಹಾಗಾದ್ರೆ ಮುಂದಿನ ವಾರ ಮುಗಿಸಿಬಿಡ್ತೀಯಾ?"

"ಮುಗೀಲಿ. ಸುಳ್ಳು ಹೇಳಿ ಮುಂದುವರಿಸಲ್ಲ."

ಹಾಗೆಂದವಳೇ, ಯಾರೂ ಮುಟ್ಟದೆ ಮೊನಚಾಗಿಯೇ ಇದ್ದ ಪೆನ್ಸಿಲ್‌ಗಳನ್ನು ಮತ್ತೆ ಹೆರೆಯತೊಡಗಿದಳು. ಗೋಡೆಯ ಮೇಲಿರುವುದು ಅವಳ ಪಾಲಿಗೆ ಆಟವಲ್ಲ, ಇಪ್ಪತ್ತಾರು ವರ್ಷದ ಬದುಕು ಎಂದು ನನಗೆ ಆಗ ಹೊಳೆಯಿತು. ನಾನು ಮಂದಬುದ್ಧಿಯವಳೇ ಇರಬೇಕು. ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

ಮೂರನೆಯ ಶನಿವಾರ ಬರಿಗೈಯಲ್ಲಿ ಮೆಟ್ಟಿಲು ಹತ್ತಿದೆ.

"ಟೀ ಎಲ್ಲಿ?" ಎಂದಳು.

"ಬೇಕಾದ್ರೆ ನೀನೇ ಮಾಡ್ಕೋ. ನಾನು ಆಡೋಕೆ ಬಂದಿದ್ದೀನಿ."

ಕಣ್ಣೀರು ಹಾಕಿ ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಗಡಿಯಾರ ನೋಡಿ, "ಐದು ನಿಮಿಷ ತಡ" ಎಂದು ಪುಸ್ತಕ ತೆರೆದಳು. "ಮೂರು ಸೇತುವೇಲಿ ನಲವತ್ತೇಳು ಜನ ಇದ್ದಾರೆ. ನೀನು ಯಾರು?"

ಪಟ್ಟಿಯ ಮೇಲೆ ಬೆರಳಾಡಿಸಿದೆ. ಸೇತುವೆಯ ಕಟ್ಟೆಯಲ್ಲಿ ಕೂತು, ಊರಿಗೆ ಬರುವವರು ಹೋಗುವವರನ್ನು ಬರೆದಿಡುವ ಹೆಂಗಸೊಬ್ಬಳಿದ್ದಳು. ನನಗೆ ಗೊತ್ತಿರುವ ಕೆಲಸ. "ಇವಳು" ಎಂದೆ.

"ಏನ್ ಮಾಡ್ತೀಯಾ?"

"ಸತ್ತವರನ್ನ ಬರೀತೀನಿ."

ಹಲ್ಲಕ್ಕ ಓದಿ ಹೇಳಿದಳು, ನಾನು ಹೊಸ ಪುಸ್ತಕದಲ್ಲಿ ಬರೆದೆ. ಇನ್ನೂರ ಅರವತ್ತೈದು ಜನ. ಆರು ಗಂಟೆಗೆ ಬೆರಳು ಮರಗಟ್ಟಿತ್ತು. "ಸುಟ್ಟವನನ್ನ ಕರೀಬಹುದಾ?" ಎಂದು ಕೇಳಿದೆ.

ಅವಳು ನಿಯಮದ ಪುಟಗಳನ್ನೆಲ್ಲ ತಿರುವಿ ಹಾಕಿದಳು. "ಕರೀಬಾರ್ದು ಅಂತ ಎಲ್ಲೂ ಇಲ್ಲ."

ಸೋಮವಾರ ಬೆಳಿಗ್ಗೆ ನನ್ನ ಗಂಡನ ತಿಂಡಿ ತಟ್ಟೆಯ ಪಕ್ಕ ಒಂದು ಕಾಗದ ಇಟ್ಟೆ. 'ಸೇನಾಪತಿಯವರಿಗೆ: ಶನಿವಾರ ಮೂರು ಗಂಟೆಗೆ ಮೂರು ಸೇತುವೆಯ ಕಟ್ಟೆಯಲ್ಲಿ ಹಾಜರಾಗತಕ್ಕದ್ದು.'

ಓದಿ ನಕ್ಕ. "ನೀನೂ ಶುರು ಹಚ್ಕೊಂಡ್ಯಾ? ಆ ನಾಡು ಮುಗೀತು ಕಣೆ."

"ಮುಗೀಲಿಲ್ಲ. ಮೂರನೇ ವಾರ ಎದುರಿಗೆ ನಾನು ಕೂತೆ."

ನಗು ನಿಂತಿತು. "ಏನೀಗ? ಆಗಿದ್ದು ಆಯ್ತು, ಅದನ್ನೇ..."

"ನಿಮಗೆ ಆಯ್ತು. ನಮಗಿನ್ನೂ ಆಗಿಲ್ಲ."

"ನಮಗೆ ಅಂದ್ರೆ ಯಾರಿಗೆ?"

"ಮೂರು ಸೇತುವೆಯವರಿಗೆ."

ಅವನು ನನ್ನ ಮುಖ ನೋಡಿದ. ನಾನು ಆ ಬಡ್ತಿಯ ಕಾಗದದ ಬಗ್ಗೆಯೂ ಹೇಳುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು, ಗೊತ್ತಾಗಲೆಂದೇ ನಾನೂ ಕಣ್ಣು ತಗ್ಗಿಸಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಗುರುವಾರ, "ಬರದಿದ್ರೆ?" ಎಂದ.

"ಸೋಮವಾರ ಇನ್ನೊಂದು ಕಾಗದ ಬರುತ್ತೆ. ಅದರ ಮುಂದಿನ ಸೋಮವಾರ ಮತ್ತೊಂದು. ನಂಗೇನೂ ಅವಸರ ಇಲ್ಲ."

ಶನಿವಾರ ಮೂರೂ ಹತ್ತಕ್ಕೆ ಬಂದ. ಮಜಾ ನೋಡಲು ಉಳಿದ ಮೂವರೂ ಅವನ ಹಿಂದೆ ಬಂದು ಪ್ಲಾಸ್ಟರ್ ಚೀಲಗಳಿಗೆ ಒರಗಿ ನಿಂತರು. ಅವನು ಕೂತವನೇ ಅಭ್ಯಾಸಬಲದಿಂದ ತನ್ನ ಸೇನಾಪತಿಯ ಬೊಂಬೆಗೆ ಕೈ ಚಾಚಿದ. ಹಲ್ಲಕ್ಕ ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ನಾನು ಪುಸ್ತಕ ಮುಂದೆ ತಳ್ಳಿದೆ.

"ಓದಿ. ಜೋರಾಗಿ."

"ಎಲ್ಲಾನೂ?"

"ಸುಟ್ಟಿದ್ದು ಎಲ್ಲಾನೂ ಅಲ್ವಾ?"

ರಸ್ತೆ ನಿಯಮಗಳನ್ನು ಒಪ್ಪಿಸುವ ದನಿಯಲ್ಲಿ ಶುರು ಮಾಡಿದ. "ಒಂದು: ಸುಣ್ಣದ ಗೂಡಿನವಳು, ಎಡಗಣ್ಣು ಮಂದ, ಮಗಳಿಗೆ ಈಜು ಕಲಿಸುತ್ತಿದ್ದಳು. ಎರಡು: ಅವಳ ಮಗಳು. ಮೂರು: ಗಾಣದವನು, ಹಾಡಿದರೆ ಎಲ್ಲರೂ ಎದ್ದು ಹೋಗುತ್ತಿದ್ದರು." ಔಷಧಿಯವನು ಕಿಸಕ್ಕನೆ ನಕ್ಕ. ಮೂವತ್ತು ದಾಟುವಾಗ ಯಾರೂ ನಗುತ್ತಿರಲಿಲ್ಲ. ಎಪ್ಪತ್ತಕ್ಕೆ ನೀರು ಕೇಳಿದ. ಯಾರೂ ಕದಲಲಿಲ್ಲ, ತಾನೇ ಎದ್ದು ಬಗ್ಗಿಸಿಕೊಂಡು ಕುಡಿದು ಬಂದು ಕೂತ. ಲಿಫ್ಟ್‌ನವನು ಚೀಲದ ಮೇಲೆ ಕುಸಿದು ಕೂತ. ಲೈಬ್ರರಿ ಮೇಡಂ ಗೋಡೆಯ ನಕ್ಷೆಯ ಕಡೆ ತಿರುಗಿ ನಿಂತರು.

ನೂರ ನಲವತ್ತೆರಡಕ್ಕೆ ಬಂದು ಅವನ ದನಿ ನಿಂತಿತು. ಹಲ್ಲಕ್ಕ ಓದಿ ಹೇಳಿ ನಾನು ಬರೆದುಕೊಂಡ ಸಾಲು ಅದು: ಕಮ್ಮಾರನ ಮೊಮ್ಮಗು, ಹುಟ್ಟಿ ನಾಲ್ಕು ದಿನ.

"ಇದನ್ನ ಯಾಕೆ ಸೇರಿಸಿದ್ರಿ? ನನಗೆ ನೋವಾಗ್ಲಿ ಅಂತಾನಾ?"

"ನೀನು ಸುಡೋದಕ್ಕೆ ಮೊದಲೇ ಬರೆದದ್ದು" ಎಂದಳು ಹಲ್ಲಕ್ಕ. "ಹುಟ್ಟಿತ್ತು, ಬರೆದೆ."

ಕನ್ನಡಕ ತೆಗೆದು ಒರೆಸಿದ. ಇನ್ನು ಎದ್ದು ಹೋಗುತ್ತಾನೆ ಎಂದುಕೊಂಡೆ. ಎದ್ದು ಹೋಗಲಿ, ಬಾಗಿಲವರೆಗೂ ಹಿಂದೆ ನಡೆದು ಉಳಿದದ್ದನ್ನು ನಾನೇ ಓದಿ ಹೇಳುತ್ತೇನೆ ಎಂದು ನಿರ್ಧಾರ ಮಾಡಿಕೊಂಡೆ. ಅವನು ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ನೂರ ನಲವತ್ಮೂರರಿಂದ ಓದಿದ, ಈ ಸಲ ನಿಧಾನವಾಗಿ.

ಇನ್ನೂರ ಅರವತ್ತೈದು ಮುಗಿಯುವಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಪುಸ್ತಕ ಮುಚ್ಚಿ ಎರಡೂ ಕೈ ಅದರ ಮೇಲಿಟ್ಟ.

"ಓದಿದೆ" ಎಂದ. ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ. "ಈಗ್ಲಾದ್ರೂ ಕಳೀತಾ, ನೂರು ವರ್ಷ?"

ಊರು ನನ್ನದು, ಹೇಳಬೇಕಾದವಳು ನಾನು ಎಂಬಂತೆ ಹಲ್ಲಕ್ಕ ನನ್ನ ಕಡೆ ನೋಡಿದಳು.

"ಇಲ್ಲ" ಎಂದೆ. "ಒಂದು ದಿನ ಕಳೀತು."