ಮೂರು ಕಲ್ಲಿನ ಮೇಲೆ ಓವನ್

ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಡೈರಿ ಬರೆಯುವುದೇ ಅದಕ್ಕೆ. ಆದರೂ ಒಂದು ರುಚಿಯ ವಿಷಯದಲ್ಲಿ ನಾನು ಹಠಮಾರಿ. ನಮ್ಮೂರು ಬಂಡ್ರಿಯ ಮನೆಯ ಹಿತ್ತಲಲ್ಲಿ ಅಪ್ಪ ಸುಡುತ್ತಿದ್ದ ಹಂದಿಯ ಪಕ್ಕೆಲುಬು ಸಿಹಿಯಾಗಿತ್ತು. ಅಪ್ಪ ಗಣಿಯಲ್ಲಿ ಕೂಲಿ. ಅದಿರು ಸೋಸಿ ಸವೆದ ಜರಡಿಯೊಂದನ್ನು ಮನೆಗೆ ತಂದಿದ್ದ. ಅದನ್ನು ಮೂರು ಕಲ್ಲಿನ ಮೇಲಿಟ್ಟು, ಕೆಳಗೆ ಜಾಲಿ ಕೆಂಡ ಹರವಿ, ಮೇಲೆ ಮಾಂಸ ಸುಡುತ್ತಿದ್ದ. ಆಗ ನನಗೆ ಆರು ವರ್ಷ. ಡೈರಿ ಇರಲಿಲ್ಲ. ಈಗ ಉಳಿದಿರುವ ಸಾಕ್ಷಿಯೆಂದರೆ ಅಕ್ಕ ಒಬ್ಬಳೇ.

ಕೇಕ್ ಮಾಡುವ ಉತ್ಸಾಹದಲ್ಲಿ ಕೊಂಡ ಓವನ್ ನಮ್ಮ ಹೊಸಪೇಟೆಯ ಮನೆಯಲ್ಲಿ ಹಪ್ಪಳದ ಡಬ್ಬಿ ಇಡುವ ಕಪಾಟಾಗಿತ್ತು. ಒಂದು ದಿನ ಫೋನಿನಲ್ಲಿ ಯಾವುದೋ ದೇಶದವನೊಬ್ಬ ಪಕ್ಕೆಲುಬಿಗೆ ಸಿಹಿ ಮಸಾಲೆ ಬಳಿದು ಓವನ್ನಿನಲ್ಲಿ ಬೇಯಿಸುವುದನ್ನು ಕಂಡೆ. ನನ್ನ ನೆನಪಿಗೆ ಸಮುದ್ರದಾಚೆಯಿಂದ ಪುರಾವೆ ಸಿಕ್ಕಂತಾಯಿತು. ಅಕ್ಕನಿಗೆ ಫೋನು ಮಾಡಿ, ಭಾನುವಾರ ಬಾ, ಅಪ್ಪನ ಕೈರುಚಿಯ ಪಕ್ಕೆಲುಬು ತಿನ್ನಿಸುತ್ತೇನೆ ಎಂದೆ. ಅವಳು ಗುರುತು ಹಿಡಿದರೆ ಗೆದ್ದೆ. ಹಿಡಿಯದಿದ್ದರೆ ಇಷ್ಟು ವರ್ಷ ನಾನು ನಾಲಿಗೆಯ ಮೇಲೆ ಹೊತ್ತು ತಿರುಗಿದ್ದು ಏನು?

ಬಂದವಳು ಮೊದಲು ನೋಡಿದ್ದು ಓವನ್ ಇದ್ದ ಜಾಗವನ್ನು. ಅದರ ಮಗ್ಗುಲಲ್ಲೇ ದೇವರ ಮಾಡ. ನಮ್ಮವರು ಹಂದಿಯನ್ನು ಸೂರಿನ ಕೆಳಗೆ ಬೇಯಿಸುವುದಿಲ್ಲ. ಅದಕ್ಕೆ ಹಿತ್ತಲ ಒಲೆಯೇ ಬೇರೆ, ಗಡಿಗೆಯೇ ಬೇರೆ. ಎಂ.ಎ. ಮಾಡಿದ ನನಗೆ ಇದೇ ಮರೆತಿತ್ತು. ಓವನ್ನಿಗೆ ಬಾಗಿಲಿದೆಯಲ್ಲ, ವಾಸನೆ ಹೊರಗೆ ಬರುವುದಿಲ್ಲ ಎಂದು ವಾದಿಸಿದೆ.

“ಬಾಗ್ಲಾ ಹಾಕಿದ್ರೂ ಮನಿ ಮನೀನ, ತಮ್ಮಾ. ಹೊರಗಿಡು, ಇಲ್ಲಾಂದ್ರ ನಾ ತಿನ್ನಂಗಿಲ್ಲ.”

ನಾನೂ ಹೆಂಡತಿಯೂ ಓವನ್ನನ್ನು ಅಂಗಳಕ್ಕೆ ಹೊತ್ತೆವು. ಕಿಟಕಿಯಿಂದ ವೈರು ಎಳೆದೆವು. ಅಷ್ಟರಲ್ಲಿ ಅಕ್ಕ ಯಾರೂ ಹೇಳದೆಯೇ ಮೂರು ಕಲ್ಲು ಹೊಂದಿಸಿದ್ದಳು. ಓವನ್ ಅವುಗಳ ಮೇಲೇ ಕೂರಬೇಕಾಯಿತು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ, ಏನು ರಿಪೇರಿ ಎಂದು ಕೇಳಿದರು.

ಎಲುಬಿನ ಒಳಮೈಗೆ ಅಂಟಿದ ಬಿಳಿ ಪೊರೆ ಸುಲಿದೆ. ಕೆಂಪುಖಾರ, ಬೆಳ್ಳುಳ್ಳಿ, ಹುಣಸೆರಸ, ಕಂಪ್ಲಿ ಕಡೆಯ ಬೆಲ್ಲ ಎಲ್ಲ ಕಲಸಿ ಬಳಿದು, ಫಾಯಿಲ್‌ನಲ್ಲಿ ಸುತ್ತಿ ಎರಡು ತಾಸು ಕಡಿಮೆ ಶಾಖದಲ್ಲಿಟ್ಟೆ. ಕಾಯುವಾಗ ನನ್ನ ಇತಿಹಾಸದ ಓದು ತಲೆಯೆತ್ತಿತು. ಹಂಪಿಯ ಮಹಾನವಮಿ ದಿಬ್ಬದ ಮೇಲೆ ಬೇಟೆಗಾರರನ್ನು ಎಷ್ಟು ಚೆನ್ನಾಗಿ ಕೆತ್ತಿದ್ದಾರೆ! ಬೇಟೆ ಮುಗಿದ ಮೇಲೆ ಯಾವ ಮಸಾಲೆ ಹಚ್ಚಿದರೆಂದು ಮಾತ್ರ ಕೆತ್ತಿಲ್ಲ. ಕಲ್ಲೇ ಮರೆಯುವುದನ್ನು ನಾಲಿಗೆ ಇಟ್ಟುಕೊಂಡೀತೆ? ಇದನ್ನು ಅಕ್ಕನಿಗೆ ಹೇಳಿದೆ. ಅವಳು, ಕೆಳಗೆ ಹೊತ್ತುತ್ತಿದೆ ನೋಡು ಎಂದಳು.

ಫಾಯಿಲ್ ಬಿಚ್ಚಿ, ಬೆಲ್ಲದ ರಸ ಇನ್ನೊಮ್ಮೆ ಬಳಿದು, ಅಂಚು ಕಪ್ಪಾಗುವವರೆಗೆ ಜೋರು ಶಾಖ ಕೊಟ್ಟೆ. ಅಕ್ಕ ಒಂದು ಎಲುಬನ್ನು ನಿಧಾನವಾಗಿ ಚೀಪಿ ಮುಗಿಸಿದಳು. ನಾನು ಫಲಿತಾಂಶಕ್ಕೆ ಕಾದ ಹುಡುಗನಂತೆ ನಿಂತಿದ್ದೆ.

“ಮಸ್ತ್ ಆಗೇತಿ. ಆದ್ರ ಅಪ್ಪಂದು ಇದಲ್ಲ.”

ಸಿಹಿ ಕಡಿಮೆಯಾಯಿತೇ ಎಂದೆ.

“ಅಪ್ಪ ಎಲ್ಲಿ ಬೆಲ್ಲ ಹಚ್ತಿದ್ದ? ಬರೇ ಉಪ್ಪು, ಖಾರ. ನೀ ತಡೀಲಾರ್ದ ಅಳ್ತಿದ್ದಿ. ಅದಕ್ಕ ತುತ್ತಿಗೊಮ್ಮೆ ನಿನ್ನ ಬಾಯಾಗ ಒಂದು ಚೂರು ಬೆಲ್ಲ ಇಡ್ತಿದ್ದ.” ಚೀಪಿದ ಎಲುಬನ್ನು ತಟ್ಟೆಯ ಅಂಚಿಗೆ ಸರಿಸಿ, “ನಂಗ ಕೊಡ್ತಿರ್ಲಿಲ್ಲ” ಎಂದಳು.

ಅಂದರೆ ಒಂದೇ ಜರಡಿಯ ಮಾಂಸ ನನಗೆ ಸಿಹಿ, ಅವಳಿಗೆ ಖಾರ. ಅಕ್ಕನ ನೆನಪೂ ನೆನಪೇ, ಅದನ್ನೂ ಅನುಮಾನಿಸಬೇಕು ಎಂದು ಓದಿದ ಬುದ್ಧಿ ಹೇಳಿತು. ಆದರೆ ಆ ಕೊನೆಯ ಮಾತನ್ನು ಅನುಮಾನಿಸಲು ಆಗಲಿಲ್ಲ. ಒಳಗೆ ಹೋಗಿ ಬೆಲ್ಲದ ಒಂದು ಉಂಡೆ ತಂದು ಅವಳ ಅಂಗೈಯಲ್ಲಿಟ್ಟೆ.

“ಈಗ ಶುಗರ್ ಐತಲೇ ನಂಗ,” ಎಂದಳು. ಎಂದವಳೇ ಅಂಚು ಕಡಿದು ಬಾಯಿಗೆ ಹಾಕಿಕೊಂಡು, ಇನ್ನೊಂದು ಎಲುಬಿಗೆ ತಟ್ಟೆ ಚಾಚಿದಳು.

ಅಂದಿನ ಡೈರಿಯಲ್ಲಿ ಪಕ್ಕೆಲುಬಿನ ರುಚಿಯ ಬಗ್ಗೆ ಒಂದಕ್ಷರವೂ ಇಲ್ಲ. ಅಕ್ಕನಿಗೂ ಬೆಲ್ಲ ಕೊಟ್ಟೆ ಎಂದಷ್ಟೇ ಬರೆದಿದ್ದೇನೆ. ಮುಂದೆ ಅವಳು ಮರೆತರೆ ಸಾಕ್ಷಿ ಇರಲಿ.