ತಾವ್ ಯುನ್ ತುಟಿಯ ಬಣ್ಣ

ಚಾಂಗ್‌ಝೌ ಊರಿನ ಕವಿ ಮಿಯಾವ್‌ಗೆ ತಾವ್ ಯುನ್ ಬಗ್ಗೆ ಹನ್ನೆರಡು ವರ್ಷ ಒಂದೇ ದೂರಿತ್ತು: ಹೆಂಗಸಿಗೆ ತುಟಿರಂಗಿನ ಹುಚ್ಚು. ಕೆಂಪಾದರೆ ಸರಿ, ಒಮ್ಮೊಮ್ಮೆ ನೀಲಿ ತುಟಿಯಲ್ಲೇ ಬಂದು ಬಾಗಿಲು ತೆರೆಯುತ್ತಿದ್ದಳು. ಅವಳ ಗಂಡ ಜಿ ಬೋಯಾನ್ ಹೂವಿನ ಚಿತ್ರಕ್ಕೆ ಹೆಸರಾದವನು. ಅವನ ಮುದ್ರೆ ಬಿದ್ದ ಚಿತ್ರಗಳ ಮೂಲೆಯಲ್ಲೆಲ್ಲ ಮಿಯಾವ್ ಪದ್ಯ ಬರೆಯುತ್ತಿದ್ದ. ಪ್ರತಿ ಪದ್ಯದಲ್ಲೂ ‘ಗಂಡುಗೈಯ ಕಸುವು’ ತಪ್ಪದೆ ಇರುತ್ತಿತ್ತು. ಚಿತ್ರ ಬರುವ ಮೊದಲೇ ಪದ್ಯ ಸಿದ್ಧವಾಗಿರುತ್ತಿತ್ತು ಎಂಬುದು ಬೇರೆ ಮಾತು.

ಆ ವಸಂತದಲ್ಲಿ ಹುವಾ ಮನೆತನದ ಹಿರಿಯಜ್ಜಿಗೆ ಎಪ್ಪತ್ತು ತುಂಬಿತು. ಅಂಗಳದ ಪಿಯೋನಿ ಹೂ ಉದುರುವ ಮೊದಲು ತನ್ನ ಕಣ್ಣೆದುರೇ ಚಿತ್ರವಾಗಬೇಕೆಂದು ಅವಳ ಹಟ. ಬಣ್ಣ ಅರೆಯಲೆಂದು ಹೆಂಡತಿಯನ್ನು ಕರೆದುಕೊಂಡು ಬಂದ ಜಿ, ಚಿತ್ರ ಬರೆಯುವ ರೇಷ್ಮೆ ಹಾಸಿದ ಕೂಡಲೇ ಮಣಿಕಟ್ಟು ಹಿಡಿದುಕೊಂಡ.

“ಉಳುಕಿದೆ ತಾಯಿ. ಮನೇಲಿ ಬರೆದು ಕಳಿಸ್ತೀನಿ.”

“ಮಣಿಕಟ್ಟು ಹಾಗಿರಲಿ, ತುಟಿ ತೋರಿಸಯ್ಯ,” ಎಂದಳು ಅಜ್ಜಿ. “ನಮ್ಮೂರ ಚಿತ್ರದ ಹೂವಿಗೆ ಹೊರಗೆರೆ ಇಲ್ಲ. ಒಂದು ಕುಂಚದಲ್ಲಿ ಬಣ್ಣ, ಇನ್ನೊಂದರಲ್ಲಿ ನೀರು, ಕುಂಚ ಚೂಪು ಮಾಡೋದು ಬಾಯಲ್ಲಿ. ನಾನೂ ಚಿಕ್ಕೋಳಿದ್ದಾಗ ಬರೆದೋಳೇ. ನಿನ್ನ ತುಟಿ ತೊಳೆದಿಟ್ಟ ಬಟ್ಟಲು. ನಿನ್ನ ಹೆಂಡತೀದು ನೋಡು.”

ನೆರೆದ ನೆಂಟರೆಲ್ಲ ನೋಡಿದರು. ಪದ್ಯಕ್ಕೆಂದು ಬಂದಿದ್ದ ಮಿಯಾವ್ ಕೂಡ.

“ನೀನೇ ಬರಿಯಮ್ಮ.”

“ಬರೀತೀನಿ ಅಜ್ಜಿ. ನನ್ನ ಹೆಸರು ಹಾಕೋದಾದ್ರೆ ಮಾತ್ರ. ಹನ್ನೆರಡು ವರ್ಷದ ಹೂವೆಲ್ಲ ಇವರ ಹೆಸರಿಗೇ ಹೋಯ್ತು.”

“ಹಾಕ್ಕೋ. ಹೂವು ನಂದು, ಮಾತೂ ನಂದು.”

“ಲೇ, ಮನೆಗೆ ನಡಿ, ಮಾತಾಡೋಣ,” ಎಂದು ಜಿ ಪಿಸುಗುಟ್ಟಿದ.

“ಬಿಸಿಲಿಗೆ ಹೂವು ಬಾಡತ್ತೆ. ನೀವು ಕೆಂಪು ಅರೀರಿ.”

ಜಿ ಅರೆದ. ಉಳುಕಿದ ಕೈಯಲ್ಲೇ.

ಎರಡು ಕುಂಚಗಳೂ ಅವಳ ಒಂದೇ ಕೈಯಲ್ಲಿದ್ದವು. ಕೆಂಪು ಬಿದ್ದಲ್ಲಿ ನೀರು ಬಂದು ಅಂಚನ್ನು ಒಯ್ಯುತ್ತಿತ್ತು. ಎಸಳು ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಯಿತೆಂದು ಹೇಳುವಂತಿರಲಿಲ್ಲ. ಹುಳ ತಿಂದ ಎಲೆಯನ್ನೂ ಅವಳು ಬಿಡಲಿಲ್ಲ. ಮುಗಿದಾಗ ಅಜ್ಜಿ ಅಂಗಳಕ್ಕೊಮ್ಮೆ, ರೇಷ್ಮೆಗೊಮ್ಮೆ ಕಣ್ಣು ಹಾಯಿಸಿ, ಗಿಡಕ್ಕೆ ಇನ್ನು ಉದುರಲು ಅಪ್ಪಣೆ ಕೊಟ್ಟಳು.

ರೂಢಿಯ ಬಲದಿಂದ ಜಿ ಅಂಗಿಯ ತೋಳಿನೊಳಗಿಂದ ತನ್ನ ಹೆಸರಿನ ಮುದ್ರೆ ತೆಗೆದ.

“ಅದು ಒಳಗೇ ಇರಲಿ,” ಎಂದು ತಾವ್ ಯುನ್ ತನ್ನ ಹೆಸರನ್ನು ತಾನೇ, ಅವಸರವಿಲ್ಲದೆ ಬರೆದಳು. ನೆರೆದ ಹೆಂಗಸರು ತಲೆಗೊಂದು ಪಿಯೋನಿ ಚಿತ್ರಕ್ಕೆ ಅಲ್ಲೇ ಮಾತು ತೆಗೆದುಕೊಂಡರು. ಜಿಯನ್ನು ಯಾರೂ ಕೇಳಲಿಲ್ಲ.

ಪದ್ಯ ಬರೆಯಲು ಮಿಯಾವ್‌ಗೆ ಕರೆ ಬಂತು. ಅವನ ಅಂಗಿಯ ತೋಳಿನೊಳಗಿದ್ದ ಸಿದ್ಧ ಪದ್ಯದಲ್ಲಿ ಗಂಡುಗೈ ಎರಡು ಕಡೆ ಇತ್ತು. ಅವನು ಗಂಟಲು ಸರಿಮಾಡಿಕೊಂಡ.

“ತಾಯಿ, ಗಂಡಸಿನ ಹೂವಾದ್ರೆ ಕಸುವು ಅಂತ ಬರೀತಿದ್ದೆ. ಹೆಂಗಸಿನ ಹೂವಿಗೆ ಏನು ಬರೀಬೇಕು?”

ತಾವ್ ಯುನ್ ಕುಂಚ ತೊಳೆಯುತ್ತಲೇ ಹೇಳಿದಳು:

“ಈ ಸಲ ಚಿತ್ರ ನೋಡಿ ಬರೀರಿ.”