ಟವೆಲ್ಲಿನ ಕೆಳಗಿನ ದರ

ಮೊನ್ನೆ ಸಂಜೆ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದೆ. ಭಜಿ ಕಟ್ಟಿಕೊಟ್ಟ ಪೇಪರು ಷೇರು ದರಗಳ ಪುಟದ್ದು. ಎಣ್ಣೆ ಹತ್ತಿದಲ್ಲೆಲ್ಲ ಕಾಗದ ಗಾಜಿನಂತಾಗಿ ಹಿಂಬದಿಯ ಅಕ್ಷರಗಳೂ ಕಾಣುತ್ತಿದ್ದವು. ತಿರುಗಿಸಿ ಓದಿದೆ: ಷೇರುಪೇಟೆಯ ವ್ಯವಹಾರಗಳ ಮೇಲೆ ಕಣ್ಣಿಡಲು ಸರ್ಕಾರ ಒಂದು ಮಂಡಳಿ ಮಾಡುತ್ತದಂತೆ. ಬಾಯಿ ಉರಿಯುತ್ತಿದ್ದರೂ ನೀರು ಕೇಳುವುದು ಮರೆತುಹೋಯಿತು. ದೇವದುರ್ಗದ ನಿಂಗವ್ವ ಅತ್ತೆ ಕಣ್ಣ ಮುಂದೆ ಬಂದು ನಿಂತಿದ್ದಳು.

ನನ್ನದೊಂದು ಚಟವನ್ನು ನಿಮಗೆ ಮೊದಲೇ ಹೇಳಿಬಿಡಬೇಕು. ನಾನು ದಿನಚರಿ ಬರೆಯುವವನು. ಬಸ್ಸು ಎಷ್ಟು ತಡವಾಯಿತು, ಅತ್ತೆಯ ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಬೀರಪ್ಪ ಮಾವ ಎಷ್ಟು ಸಲ ಚಹಾ ಕುಡಿದ, ಎಲ್ಲಕ್ಕೂ ತಾರೀಖು ಹಾಕುತ್ತೇನೆ. ಇದರಿಂದ ಯಾರಿಗೂ ಇದುವರೆಗೆ ಉಪಕಾರವಾಗಿಲ್ಲ. ಈಗ್ಗೆ ಹತ್ತು ವರ್ಷದ ಹಿಂದೆ, ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ, ಕಾಲೇಜಿನ ರಜೆಗೆ ಮಾವನ ಮನೆಗೆ ಹೋದಾಗ, ಆ ಪಟ್ಟಿಗೆ ಷೇರು ದರವೂ ಸೇರಿತ್ತು. ಅದರ ಹಿಂದಿನ ವರ್ಷ ಮುಂಬೈ ಕಡೆಯ ಒಂದು ಬಟ್ಟೆ ಗಿರಣಿ ಜನರಿಗೆ ಷೇರು ಕೊಡುತ್ತದೆಂದು ಓದಿ, ಅರ್ಜಿ ತುಂಬಿ, ಅತ್ತೆಯ ಸಹಿ ಹಾಕಿಸಿದವನು ನಾನೇ. ಹಣವೂ ಅವಳದೇ; ತವರಿನವರು ಕೊಟ್ಟ ಕುರಿಗಳನ್ನು ಮಾರಿದ್ದಳು.

"ಕುರಿ ಆದ್ರ ಮರಿ ಹಾಕ್ತಿತ್ತು. ಇದು ಏನ್ ಹಾಕ್ತದೋ?" ಎಂದು ಕೇಳಿದ್ದಳು.

"ವರ್ಷಾ ವರ್ಷಾ ಲಾಭದಾಗ ಪಾಲು ಹಾಕ್ತದ, ಅತ್ತಿ."

"ಮೇವು ಕೇಳಂಗಿಲ್ಲಲ್ಲ? ಹಂಗಾದ್ರ ಇರ್ಲಿ ಬಿಡು."

ಆ ಬೇಸಿಗೆ ಮಾವನಿಗೆ ಜೋಡಿ ಎತ್ತಿನ ಆಸೆ ಹುಟ್ಟಿತು. ಅದೇ ಹೊತ್ತಿಗೆ ರಾಯಚೂರಿನ ದಲ್ಲಾಳಿಯೊಬ್ಬ ದೇವದುರ್ಗದ ದನದ ಸಂತೆಗೆ ಬಂದು, ಬೇವಿನ ಮರದ ಕೆಳಗೆ ಜಮಖಾನ ಹಾಸಿ, ನಮ್ಮ ಸೀಮೆಯ ಹಲವರು ಕೊಂಡಿದ್ದ ಅದೇ ಗಿರಣಿಯ ಷೇರು ಕಾಗದಗಳನ್ನು ಕೊಳ್ಳತೊಡಗಿದ್ದ. ಷೇರು ಮಾರಿ ಅಲ್ಲೇ ಎತ್ತು ಹಿಡಿದುಕೊಂಡು ಬರುವುದು ಮಾವನ ಲೆಕ್ಕ. ಷೇರು ಅತ್ತೆಯ ಹೆಸರಿನಲ್ಲಿದ್ದುದರಿಂದ ಅವಳ ಸಹಿ ಬೇಕಿತ್ತು. ಹೀಗಾಗಿ ಹೆಂಗಸರು ಕಾಲಿಡದ ಆ ದನದ ಸಂತೆಗೆ ಅತ್ತೆಯೂ ಬಂದಳು.

ನಮ್ಮ ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕೂಡಿಸಿ ಮೇಲೆ ಟವೆಲ್ ಹೊದಿಸುತ್ತಾರೆ. ಒಳಗೆ ಬೆರಳು ಬೆರಳನ್ನು ಹಿಡಿದು ದರ ಹೇಳುತ್ತದೆ. ಹೊರಗೆ ಇಬ್ಬರ ಮುಖವೂ ಕಲ್ಲು. ಕುದುರಿದ ದರವನ್ನು ಆಮೇಲೂ ಯಾರಿಗೂ ಹೇಳಬಾರದು. ದಲ್ಲಾಳಿ ಮುಂದೆ ಕೂತ ಮಾವ, ಎತ್ತು ಮಾರುವವನ ಹಾಗೆ, ತಾನಾಗಿಯೇ ಕೈ ಚಾಚಿ ಟವೆಲ್ ಹೊದಿಸಿದ. ಪ್ಯಾಂಟು ತೊಟ್ಟ ದಲ್ಲಾಳಿ ನಗುತ್ತ ಕೈ ಒಳಗೆ ಹಾಕಿದ. ಈ ರೂಢಿ ಅವನಿಗೆ ಬೆಲ್ಲದಂತೆ ಹಿಡಿಸಿತ್ತು.

"ಪೇಪರಿನ್ಯಾಗ ಷೇರಿಗೆ ಹದಿನಾರು ರೂಪಾಯಿ ಅದರೀ" ಎಂದೆ ನಾನು, ದಿನಚರಿಯ ಹೆಮ್ಮೆಯಲ್ಲಿ.

"ನಿಮ್ಮೂರಿಗೆ ಪೇಪರ್ ಬರೂದು ಮರುದಿನ. ಅದರಾಗ ಇರೂದು ಅದರ ಹಿಂದಿನ ದಿನದ ದರ. ಇವತ್ತು ಬಿದ್ದದ ತಮ್ಮಾ" ಎಂದ ದಲ್ಲಾಳಿ. ಬಿದ್ದಿತ್ತೋ ಇಲ್ಲವೋ ತಿಳಿಯುವ ದಾರಿ ಆ ಸಂತೆಯಲ್ಲಿ ಯಾರಿಗೂ ಇರಲಿಲ್ಲ. ಮಾವ ತಲೆಯಾಡಿಸಿ, ಇನ್ನೊಂದು ಕೈಯಿಂದ ಸಹಿಯ ಕಾಗದವನ್ನು ಅತ್ತೆಯ ಕಡೆ ಸರಿಸಿದ.

ಅತ್ತೆ ಕಾಗದ ಮುಟ್ಟಲಿಲ್ಲ. ಬಗ್ಗಿ ಟವೆಲ್ಲಿನ ತುದಿ ಹಿಡಿದು ಎಳೆದುಬಿಟ್ಟಳು.

ಎಷ್ಟೋ ಸಂತೆ ನೋಡಿದ್ದೇನೆ, ಆದರೆ ದರವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ದಲ್ಲಾಳಿಯ ಉಂಗುರ ತೊಟ್ಟ ಬೆರಳುಗಳು ಮಾವನ ಒಡೆದ ಎರಡು ಬೆರಳನ್ನು ಹಿಡಿದುಕೊಂಡಿದ್ದವು; ಅದು ಎಷ್ಟೆಂದು ಆ ಇಬ್ಬರಿಗೇ ಗೊತ್ತು. ಹಗಲು ಬೆಳಕಿನಲ್ಲಿ ಎರಡೂ ಕೈ ನಾಚಿದಂತೆ ಕಂಡವು. ಸುತ್ತಲಿನ ಜನ ಹತ್ತಿರ ಸರಿದರು.

"ಲೇ, ಸಂತ್ಯಾಗ ನನ್ನ ಮಾನ ಕಳೀಬ್ಯಾಡ!" ಎಂದ ಮಾವ.

"ಇದು ಸಂತಿ ರಿವಾಜು, ಯವ್ವಾ" ಎಂದ ದಲ್ಲಾಳಿ.

"ಎತ್ತಿಗೆ ರಿವಾಜು ಇರ್ಲಿ ಸಾವ್ಕಾರ್ರ. ಎತ್ತಿನ ಹಲ್ಲು ನೋಡ್ತೀವಿ, ನಡಿಗಿ ನೋಡ್ತೀವಿ. ದರ ಒಂದ ಮುಚ್ಚಿರ್ತದ. ಈ ಗಿರಣಿ ಯಾರು ನೋಡೀವಿ? ಮಾಲೂ ಕಾಣಂಗಿಲ್ಲ, ದರಾನೂ ಕಾಣಂಗಿಲ್ಲ ಅಂದ್ರ ನಾ ಏನ್ ನೋಡಿ ಸಹಿ ಹಾಕ್ಲಿ? ಬಾಯ್ಲೆ ಹೇಳ್ರಿ, ಎಲ್ಲಾರೂ ಕೇಳಲಿ."

ದಲ್ಲಾಳಿ ಕೈ ಬಿಡಿಸಿಕೊಂಡು ಕಾಗದ ಜೋಡಿಸತೊಡಗಿದ. ಆಗ ಬಾಗಲವಾಡದ ಒಬ್ಬ ರೈತ, ಬೆಳಿಗ್ಗೆಯೇ ಮಾರಿದ್ದವನು, ಮೆಲ್ಲಗೆ ಅಂದ: "ನನಗ ಹತ್ತರಂಗ ಕೊಟ್ಟಾರ." ಪಕ್ಕದಲ್ಲಿದ್ದ ಮಾನ್ವಿಯ ಅಕ್ಕಿ ಗಿರಣಿಯ ಶರಣಪ್ಪ ಬೆಚ್ಚಿ ತಿರುಗಿದ: "ಹತ್ತು? ನನಗ ಹದಿನಾಲ್ಕು!" ಒಂದೇ ಮರ, ಒಂದೇ ಬೆಳಿಗ್ಗೆ, ಒಂದೇ ಗಿರಣಿಯ ಷೇರು. ರೈತ ತನ್ನ ಕೈಯನ್ನೇ ನೋಡಿಕೊಂಡ. ಗದ್ದಲ ಏರುವಷ್ಟರಲ್ಲಿ ದಲ್ಲಾಳಿ ರೈತನಿಗೆ ಉಳಿದ ನಾಲ್ಕರಂತೆ ಎಣಿಸಿಕೊಟ್ಟು, ಜಮಖಾನ ಸುತ್ತಿ, ರಾಯಚೂರಿನ ಬಸ್ಸು ಹಿಡಿದ.

ಅಂದು ಎತ್ತು ಬರಲಿಲ್ಲ. ಮಾವ ಒಂದು ವಾರ ಅತ್ತೆಯ ಸಂಗಡ ಮಾತು ಬಿಟ್ಟ; ಚಹಾ ಮಾತ್ರ ಬಿಡಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ದೊಡ್ಡ ಚರ್ಚೆ. ಇದನ್ನೆಲ್ಲ ನೋಡಿಕೊಳ್ಳಲು ಸರ್ಕಾರದ ಒಬ್ಬ ಮನುಷ್ಯ ಇರಬೇಕು ಎಂದೆ ನಾನು. ಮಾನ್ವಿ ಬಸ್ಸಿಗೆ ಕಾಯುತ್ತಿದ್ದ ಶರಣಪ್ಪ ನಕ್ಕ: "ಬರ್ಲಿ ಬಿಡಪ. ಟಾವೆಲ್ ಒಳಗ ಅವನಿಗೂ ಒಂದು ಬೆರಳು ಜಾಗ ಮಾಡಿದ್ರಾತು."

ಷೇರು ಇನ್ನೂ ಅತ್ತೆಯ ಹತ್ತಿರವೇ ಇದೆ. ವರ್ಷಕ್ಕೊಮ್ಮೆ ಗಿರಣಿಯ ಲೆಕ್ಕದ ಪುಸ್ತಕ ಅಂಚೆಯಲ್ಲಿ ಅವಳ ಹೆಸರಿಗೇ ಬರುತ್ತದೆ. ಅಷ್ಟು ದೊಡ್ಡ ಗಿರಣಿ ತನಗೆ ಲೆಕ್ಕ ಒಪ್ಪಿಸುತ್ತದೆಂಬುದು ಅವಳಿಗೆ ಇಂದಿಗೂ ಸೋಜಿಗ. ನಾನು ಹೋದಾಗ ಪುಸ್ತಕ ಮುಂದಿಟ್ಟು, "ಇದ್ರಾಗ ಟಾವೆಲ್ ಎಲ್ಲಿ ಹೊದ್ಸ್ಯಾರ ನೋಡಿ ಹೇಳೋ" ಎನ್ನುತ್ತಾಳೆ. ಕಾಮರ್ಸ್ ಓದಿದವನು ನಾನು. ಪುಟ ಪುಟ ತಿರುವುತ್ತೇನೆ, ನನಗಿನ್ನೂ ಸಿಕ್ಕಿಲ್ಲ.

ಮಂಡಳಿಯ ಸುದ್ದಿಯನ್ನು ಬರುವ ಭಾನುವಾರ ಅವಳಿಗೆ ಓದಿ ಹೇಳಬೇಕು. ಆ ಮಂಡಳಿಯವರು ಟವೆಲ್ ಎಳೆಯುವವರೋ, ಒಳಗೆ ಕೈ ಹಾಕುವವರೋ ಎಂದು ಕೇಳುತ್ತಾಳೆ, ಗೊತ್ತು. ಎಣ್ಣೆ ಪೇಪರಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆದರೂ ಮಡಚಿ ಕಿಸೆಗೆ ಹಾಕಿಕೊಂಡೆ. ಕೈ ಒರೆಸಲು ಏನೂ ಉಳಿಯಲಿಲ್ಲವೆಂದು ಭಜಿಯವನು ತನ್ನ ಹೆಗಲ ಟವೆಲ್ ಚಾಚಿದ. ಅದನ್ನು ಪೂರ್ತಿ ಬಿಚ್ಚಿ, ಎರಡೂ ಮಗ್ಗುಲು ನೋಡಿ, ಆಮೇಲೆ ಕೈ ಒರೆಸಿಕೊಂಡೆ.